ಹೆಸರು ಹೇಳಬಾರದ ಮದ್ದು

ಗುಲಾಬಿಯ ತೊಡೆಯ ಮೇಲೆ ಬಟ್ಟೆಯ ಚೀಲ, ಚೀಲದೊಳಗೆ ಒಂದು ಸಣ್ಣ ಫ್ಲಾಸ್ಕು, ಫ್ಲಾಸ್ಕಿನೊಳಗೆ ಹತ್ತೊಂಬತ್ತನೆಯ ದಿನದ ಮದ್ದು. ಇನ್ನೆರಡು ದಿನ ಕಳೆದರೆ ಮದ್ದಿನ ಇಪ್ಪತ್ತೊಂದು ದಿನ ತುಂಬುತ್ತಿತ್ತು. ಚೀಲದ ಬಾಯನ್ನು ಅವಳು ಎರಡೂ ಕೈಯಲ್ಲಿ ಮುದುಡಿ ಹಿಡಿದು ಕೂತಿದ್ದಳು.

ಎದುರಿನ ಮಂಚದಲ್ಲಿ ಅವಳ ಗಂಡ ವಾಸು ಕಣ್ಣು ಮುಚ್ಚಿ ಮಲಗಿದ್ದ. ಬೆಳಿಗ್ಗೆ ಹಲ್ಲುಜ್ಜುವಾಗ ಮೂಗಿನಲ್ಲಿ ಶುರುವಾದ ರಕ್ತ ಒಂದು ಗಂಟೆಯಾದರೂ ನಿಂತಿರಲಿಲ್ಲ. ಎರಡು ಟವೆಲು ತೊಯ್ದ ಮೇಲೆ ಮಗಳು ಬೃಂದಾ ಆಂಬುಲೆನ್ಸಿಗೆ ಫೋನು ಮಾಡಿದ್ದಳು. ಈಗ ಗಂಟೆ ಹತ್ತು. ಮೂಗಿಗೆ ಬತ್ತಿ ತುರುಕಿ ಅಲ್ಲಿ ರಕ್ತ ನಿಲ್ಲಿಸಿದ್ದರು. ಆದರೆ ಹೊಟ್ಟೆಯೊಳಗೂ ಎಲ್ಲೋ ಜಿನುಗುತ್ತಿದೆ ಎಂದು ಡಾಕ್ಟರು ಹೇಳಿ ಹೋಗಿದ್ದರು.

ವಾಸುವಿನದು ತಾಳ ತಪ್ಪಿ ಹೊಡೆಯುವ ಎದೆ. ರಕ್ತ ಹೆಪ್ಪುಗಟ್ಟಿ ತಲೆಗೆ ಏರದಿರಲಿ ಎಂದು ನಾಲ್ಕು ವರ್ಷದಿಂದ ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದ. ಅದಕ್ಕೊಂದು ಹಳದಿ ಪುಸ್ತಕ. ಕ್ಲಿನಿಕ್ಕಿನಲ್ಲಿ ಬೆರಳು ಚುಚ್ಚಿ, ರಕ್ತ ಎಷ್ಟು ತೆಳುವಾಗಿದೆ ಎಂಬ ನಂಬರನ್ನು ಅದರಲ್ಲಿ ಬರೆದು ಕೊಡುತ್ತಾರೆ. ನಂಬರು ಎರಡರಿಂದ ಮೂರರೊಳಗೆ ಇರಬೇಕು. ನಾಲ್ಕು ವರ್ಷ ಅದು ಗೆರೆ ಕೊರೆದ ಹಾಗೆ ಅಲ್ಲೇ ಇತ್ತು. ಹತ್ತು ದಿನದ ಹಿಂದೆ ಮೂರೂವರೆ ದಾಟಿತು. ಈ ಸೋಮವಾರ ಐದು. ಇವತ್ತು ಎಂಟು.

ಡಾಕ್ಟರು ಚಿಕ್ಕ ಪ್ರಾಯದ ಹೆಣ್ಣುಮಗಳು. ತಿರುಗಿ ಬಂದವಳೇ ಬೃಂದಾಳ ಹತ್ತಿರ ಏನೋ ಕೇಳಿದಳು. ಬೃಂದಾ ತಾಯಿಯ ಕಡೆ ತಿರುಗಿದಳು.

"ಅಮ್ಮ, ಮತ್ತೆ ಅದನ್ನೇ ಕೇಳ್ತಾ ಇದ್ರ್. ಮಾತ್ರೆ ಬಿಟ್ಟು ಬೇರೆ ಎಂತಾರೂ ಹೊಟ್ಟೆಗೆ ಹೋಯ್ತಾ ಅಂದೇಳಿ. ಬೇರು, ಸೊಪ್ಪು, ಊರಿಂದ ತಂದ ಪುಡಿ, ಎಂತದೂ?"

"ಎಂತದೂ ಇಲ್ಲ" ಎಂದಳು ಗುಲಾಬಿ.

ಇದು ಮೂರನೆಯ ಸಲ. ಕ್ಲಿನಿಕ್ಕಿನ ನರ್ಸಿಗೆ ಎರಡು ಸಲ ಇದನ್ನೇ ಹೇಳಿದ್ದಳು.

ಡಾಕ್ಟರು ಕೆಳಗಿನ ತುಟಿ ಕಚ್ಚಿಕೊಂಡು ಕಾಗದ ತಿರುವಿ ಏನೋ ವಿವರಿಸಿದಳು. ಬೃಂದಾ ತಗ್ಗಿದ ಸ್ವರದಲ್ಲಿ ಕನ್ನಡಕ್ಕೆ ತಿರುಗಿಸಿದಳು. ಮಾತ್ರೆಯಿಂದಲೇ ಹೀಗಾದರೆ ಒಂದು ದಾರಿ, ಲಿವರ್ ಕೆಟ್ಟು ಹೀಗಾದರೆ ಇನ್ನೊಂದು ದಾರಿ. ಏನೋ ವಿಷ ಸೇರಿದ್ದರೆ ಅದು ಎದೆಯನ್ನೂ ಹಿಡಿದೀತು. ರಕ್ತ ಗಟ್ಟಿ ಮಾಡುವ ಇಂಜೆಕ್ಷನ್ ಕೊಟ್ಟಾಗಿದೆ. ಆದರೆ ಕಾರಣ ಗೊತ್ತಾಗದೆ ಮುಂದೆ ಹೋಗುವುದು ಕತ್ತಲಲ್ಲಿ ನಡೆದ ಹಾಗೆ. ಮನೆಯಲ್ಲಿ ಮಾತ್ರೆ ತುಂಬಿಸುವವರು ಯಾರು?

"ನಾನು" ಎಂದಳು ಬೃಂದಾ. "ಭಾನುವಾರ ಭಾನುವಾರ ನಾನೇ ಬಾಕ್ಸಿಗೆ ಹಾಕೂದ್."

ಡಾಕ್ಟರು ಅವಳನ್ನು ಪರದೆಯ ಆಚೆಗೆ ಕರೆದುಕೊಂಡು ಹೋದಳು.

ಗುಲಾಬಿ ಮದ್ದಿನ ಮನೆಯಲ್ಲಿ ಹುಟ್ಟಿದವಳು. ಕುಂದಾಪುರದ ಆಚೆ ಹೊಳೆಯ ದಡದಲ್ಲಿ ಅವಳ ಅಬ್ಬಿ, ಎಂದರೆ ತಾಯಿ, ಹಳದಿ ಕಾಯಿಲೆಗೆ ಮದ್ದು ಕೊಡುತ್ತಿದ್ದಳು. ಭಾನುವಾರ, ಮಂಗಳವಾರ ಬೆಳ್ಳಂಬೆಳಿಗ್ಗೆ ಜನ ಬರಿಹೊಟ್ಟೆಯಲ್ಲಿ ಬಂದು ಅಂಗಳದಲ್ಲಿ ಕೂರುತ್ತಿದ್ದರು. ಅಬ್ಬಿ ಒಳಗೆ ಸೊಪ್ಪು ಅರೆದು ಹಸಿ ಹಾಲಿನಲ್ಲಿ ಕದಡಿ ತರುತ್ತಿದ್ದಳು. ದುಡ್ಡು ಮುಟ್ಟುತ್ತಿರಲಿಲ್ಲ. ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ ಅಷ್ಟೇ. ಅವಳ ಕಟ್ಟಳೆ ಮೂರು. ಕೊಟ್ಟವರು ಮದ್ದಿನ ಹೆಸರು ಹೇಳಬಾರದು, ಕುಡಿದವರು ಕೇಳಬಾರದು. ಹೆಸರು ಬಾಯಿಗೆ ಬಂದ ಮದ್ದು ಮಣ್ಣಿಗೆ ಸಮ. ಹಿಡಿದ ಮದ್ದನ್ನು ನಡುವೆ ಬಿಡಬಾರದು; ಬಿಟ್ಟರೆ ಅದು ಮುನಿದು ತಿರುಗಿ ನಿಲ್ಲುತ್ತದೆ. ಮದ್ದು ಸೋಸಿ ಉಳಿದ ಚರಟವನ್ನು ಯಾರ ಕಾಲೂ ತುಳಿಯಬಾರದು. ಮರದ ಬುಡಕ್ಕೆ ಹಾಕಿ ಎಲೆ ಮುಚ್ಚಬೇಕು.

ಗುಲಾಬಿ ಶಾಲೆಗೆ ಹೋದದ್ದು ಎರಡನೆಯ ಕ್ಲಾಸಿನವರೆಗೆ. ಈ ಮೂರನ್ನು ಮಾತ್ರ ಹಲಗೆಯ ಮೇಲೆ ತಿದ್ದಿದ್ದಕ್ಕಿಂತ ಗಟ್ಟಿಯಾಗಿ ಕಲಿತಿದ್ದಳು.

ವಾಸು ಇಂಗ್ಲಿಷರ ದೇಶಕ್ಕೆ ಬಂದು ರೇನರ್ಸ್ ಲೇನಿನ ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ದೋಸೆಯ ಕಾವಲಿಯ ಮುಂದೆ ನಿಂತವನು. ಎದೆ ಕೆಟ್ಟ ಮೇಲೆ ಗಂಡ ಹೆಂಡತಿ ಕೊಲಿಂಡೇಲಿನಲ್ಲಿದ್ದ ಮಗಳ ಫ್ಲ್ಯಾಟಿಗೆ ಬಂದಿದ್ದರು. ಐದನೆಯ ಮಹಡಿ. ಎದುರು ಬಾಗಿಲಲ್ಲಿ ಹಾಂಕಾಂಗಿನಿಂದ ಮಗನ ಜೊತೆ ಬಂದ ಮುದುಕಿ, ಮಿಸೆಸ್ ಫಂಗ್. ಗುಲಾಬಿಯ ಬಾಯಲ್ಲಿ ಅವಳು ಫಂಗಮ್ಮ ಆದಳು. ಇಬ್ಬರಿಗೂ ಸೇರಿ ಇಂಗ್ಲಿಷು ಒಂದು ಮುಷ್ಟಿಯಷ್ಟು. ಉಳಿದದ್ದೆಲ್ಲ ಕೈಯಲ್ಲಿ, ಕಣ್ಣಿನಲ್ಲಿ.

ಒಂದು ದಿನ ಲಿಫ್ಟಿನಲ್ಲಿ ಫಂಗಮ್ಮ ವಾಸುವಿನ ತುಟಿ ನೋಡಿದಳು, ಉಗುರು ನೋಡಿದಳು. ಕೇಳದೆಯೇ ಅವನ ಮಣಿಕಟ್ಟಿಗೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದಳು. ಅಬ್ಬಿಯೂ ಹಾಗೆಯೇ ಹಿಡಿಯುತ್ತಿದ್ದಳು. ಮಾರನೆಯ ದಿನ ಸಂಜೆ ಫಂಗಮ್ಮ ಬಾಗಿಲಿಗೆ ಬಂದು ಒಂದು ಕಾಗದದ ಪೊಟ್ಟಣ ಕೊಟ್ಟಳು. ಒಳಗೆ ಇಟ್ಟಿಗೆಯ ಬಣ್ಣದ ಬೇರಿನ ತುಂಡು, ಅಡ್ಡ ಕೊಯ್ದು ಒಣಗಿಸಿದ ಬಿಳಿಯ ಗಡ್ಡೆ, ಒಂದು ಹಿಡಿ ಸಣ್ಣ ಕೆಂಪು ಹಣ್ಣು. ಮೂರು ಬಟ್ಟಲು ನೀರು ಒಂದಕ್ಕೆ ಇಳಿಯಬೇಕು ಎಂದು ಕೈಯಲ್ಲಿ ತೋರಿಸಿದಳು. ಅಬ್ಬಿಯ ಕಷಾಯದ ಲೆಕ್ಕವೂ ಅದೇ. ಆ ದಿನದಿಂದ ದಿನಕ್ಕೊಂದು ಪೊಟ್ಟಣ.

ಮೊದಲ ಪೊಟ್ಟಣ ಕೊಡುವ ಮುಂಚೆ ಫಂಗಮ್ಮ ಒಂದು ಮಾತು ಕೇಳಿದ್ದಳು. ಜೇಬಿನಿಂದ ಒಂದು ಮಾತ್ರೆಯ ಪಟ್ಟಿ ತೆಗೆದು ಅಲ್ಲಾಡಿಸಿ, "ಡಾಕ್ಟರ್? ಮೆಡಿಸಿನ್?" ಎಂದು ವಾಸು ಕೂತ ಕಡೆಗೆ ಬೆರಳು ತೋರಿಸಿದ್ದಳು.

ಗುಲಾಬಿಗೆ ಅರ್ಥವಾಗಲಿಲ್ಲವೆಂದಲ್ಲ. ಆದರೆ ಅಬ್ಬಿ ಇಂಗ್ಲಿಷ್ ಮದ್ದು ನುಂಗುವವರನ್ನು ಅಂಗಳದಿಂದಲೇ ಹಿಂದೆ ಕಳಿಸುತ್ತಿದ್ದಳು. "ಎರಡು ದೋಣಿಗೆ ಕಾಲಿಟ್ಟವರಿಗೆ ನನ್ನ ಹತ್ರ ಮದ್ದಿಲ್ಲ" ಎನ್ನುತ್ತಿದ್ದಳು. ಹೌದು ಎಂದರೆ ಈ ಪೊಟ್ಟಣ ಎದುರು ಬಾಗಿಲೊಳಗೆ ಹಿಂದೆ ಹೋಗುತ್ತದೆ.

"ನೋ" ಎಂದಿದ್ದಳು ಗುಲಾಬಿ.

ರೇನರ್ಸ್ ಲೇನಿನ ಅಂಗಡಿಯಿಂದ ವೀಳ್ಯದೆಲೆ ತರಿಸಿ, ಅಡಿಕೆ, ತೆಂಗಿನಕಾಯಿ ಇಟ್ಟು ಫಂಗಮ್ಮನ ಕೈಗೆ ಕೊಟ್ಟಳು. ಫಂಗಮ್ಮ ಅದನ್ನು ಏನು ಮಾಡುವುದೆಂದು ತಿಳಿಯದೆ ಕೆಂಪು ದೀಪ ಉರಿಯುವ ತನ್ನ ದೇವರ ಮುಂದೆ ಇಟ್ಟಳು. ಸರಿಯಾದ ಜಾಗಕ್ಕೇ ಹೋಯಿತು ಎಂದು ಗುಲಾಬಿ ಸಮಾಧಾನಪಟ್ಟಳು.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬೃಂದಾ ಏಳುವ ಮೊದಲು ಕಾಯಿಸಿ, ಸೋಸಿ, ಶುಂಠಿ ಬೆಲ್ಲ ಸೇರಿಸಿ "ಚಾ" ಎಂದು ವಾಸುವಿಗೆ ಕೊಡುತ್ತಿದ್ದಳು. ಚರಟವನ್ನು ಕೆಳಗಿನ ಅಂಗಳಕ್ಕೆ ಒಯ್ದು, ಸಾಲಾಗಿಟ್ಟ, ಮರ ನೆಟ್ಟ ದೊಡ್ಡ ತೊಟ್ಟಿಗಳಲ್ಲಿ ಮೂರನೆಯದರೊಳಗೆ, ಬಿಳಿ ತೊಗಟೆಯ ಮರದ ಬುಡದಲ್ಲಿ ಹಾಕಿ ಎಲೆ ಮುಚ್ಚುತ್ತಿದ್ದಳು. ಒಂದು ಬೆಳಿಗ್ಗೆ ಫಂಗಮ್ಮ ಅದನ್ನು ಕಂಡು ನಕ್ಕುಬಿಟ್ಟಳು. ಹಾಗಲ್ಲ, ದಾರಿಗೆ ಚೆಲ್ಲು, ಹೋಗಿ ಬರುವವರ ಕಾಲಿಗೆ ಅಂಟಿ ಕಾಯಿಲೆ ದೂರ ಹೋಗುತ್ತದೆ ಎಂದು ನಡೆದು, ತುಳಿದು, ಕೈ ಬೀಸಿ ತೋರಿಸಿದಳು. "ಅಯ್ಯಯ್ಯೋ, ತುಳಿಯೂದಾ!" ಎಂದು ಗುಲಾಬಿ ಕೆನ್ನೆ ಬಡಿದುಕೊಂಡಿದ್ದಳು.

ಮೊದಲ ಏಳು ದಿನ ಮದ್ದು ಹಿಡಿಯಿತು. ವಾಸುವಿನ ಕೈ ಬೆಚ್ಚಗಾಯಿತು, ಮುಖಕ್ಕೆ ಕಳೆ ಬಂತು. ಆಮೇಲೆ ಮೊಣಕೈಯಲ್ಲಿ ನೀಲಿ ಕಲೆ ಕಂಡಿತು. ಒಸಡಿನಲ್ಲಿ ರಕ್ತ ಕಂಡಿತು. ಮದ್ದು ಒಳಗಿನ ಕೆಟ್ಟದ್ದನ್ನು ಹೊರಗೆ ಹಾಕುತ್ತಿದೆ ಎಂದು ಗುಲಾಬಿ ಎಣಿಸಿದಳು. ಎಣಿಸಿದಳು ಎನ್ನುವುದಕ್ಕಿಂತ, ಹಾಗೆ ಎಣಿಸಲು ಹಟ ಹಿಡಿದಳು.

"ಗುಲಾಬೀ."

ವಾಸು ಕಣ್ಣು ಬಿಟ್ಟಿದ್ದ. ಬತ್ತಿ ತುರುಕಿದ ಮೂಗಿನಿಂದ ಸ್ವರ ಗುಹೆಯೊಳಗಿಂದ ಬಂದ ಹಾಗಿತ್ತು.

"ಎಂತ ಮರ್ರೆ?"

"ಬಾಯಿ ಒಣಗಿತ್ತ್. ಚೀಲದಲ್ಲಿ ಚಾ ಇತ್ತಲ್ದಾ? ಒಂದ್ ಗುಟುಕು ಕೊಡ್."

"ಬಾಯಿಗೆ ಎಂತ ಹಾಕೂಕಾಗ ಅಂದಿರ್ ನರ್ಸ್."

"ನಿನ್ನ ಚಾಕ್ಕೆ ನರ್ಸಿನ ಅಪ್ಪಣೆಯಾ?" ವಾಸು ನಗಲು ಹೋಗಿ ಕೆಮ್ಮಿದ.

ಗುಲಾಬಿ ಸುತ್ತ ನೋಡಿದಳು. ಪರದೆ ಮುಚ್ಚಿತ್ತು. ಹತ್ತೊಂಬತ್ತನೆಯ ದಿನ. ಹದಿನೆಂಟು ದಿನ ಕೊಟ್ಟ ಮದ್ದು ಈಗ ನಿಂತರೆ ಮುನಿಯುತ್ತದೆ. ಈ ರಕ್ತಕ್ಕೂ ಹೊತ್ತು ತಪ್ಪಿದ್ದೇ ಕಾರಣವೋ ಏನೋ. ಆರು ಗಂಟೆಗೆ ಕೊಡಬೇಕಾದದ್ದು ಹತ್ತಾಯಿತಲ್ಲ. ಒಂದು ಗುಟುಕು ಹೋದರೆ ನಿಂತೀತೋ ಏನೋ. ಫ್ಲಾಸ್ಕು ತಾನಾಗಿ ಕೈಗೆ ಬಂತು. ಮುಚ್ಚಳ ತಿರುಗಿಸಿದಳು. ಮಣ್ಣಿನ, ಬೇರಿನ, ಬೆಲ್ಲದ ಬಿಸಿ ವಾಸನೆ ಮುಖಕ್ಕೆ ಹೊಡೆಯಿತು. ಮುಚ್ಚಳಕ್ಕೆ ಅರ್ಧ ಬಗ್ಗಿಸಿದಳು. ವಾಸು ತಲೆ ಎತ್ತಲು ಹೊರಟ.

ಪರದೆಯ ಆಚೆ ಬೃಂದಾ ಅಳುತ್ತಿದ್ದಳು.

ಅಳುವ ಜಾತಿಯ ಹುಡುಗಿಯಲ್ಲ ಅವಳು. ಅಕ್ಸ್‌ಬ್ರಿಡ್ಜಿನ ಆಫೀಸಿನಲ್ಲಿ ನಲವತ್ತು ಜನರನ್ನು ಗದರಿಸುವವಳು. ಈಗ ಇಂಗ್ಲಿಷಿನಲ್ಲಿ ಅದೇ ನಾಲ್ಕು ಮಾತು ಮತ್ತೆ ಮತ್ತೆ. ಕಂದು ಮಾತ್ರೆ, ನೀಲಿ ಮಾತ್ರೆ, ನಾನೇ ಅದಲು ಬದಲು ಮಾಡಿರಬೇಕು, ನನ್ನ ತಪ್ಪು. ಗುಲಾಬಿಗೆ ಎಲ್ಲ ಇಂಗ್ಲಿಷು ಬಾರದು. "ಮೈ ಫಾಲ್ಟ್" ಎಂಬುದು ಬರುತ್ತದೆ.

ಮುಚ್ಚಳ ಹಿಡಿದ ಕೈ ಅಲ್ಲೇ ನಿಂತಿತು.

ಅರವತ್ತು ವರ್ಷದ ಹಿಂದಿನ ಒಂದು ಮಳೆಗಾಲ. ದೋಣಿಗೆ ಹೋಗುತ್ತಿದ್ದ ಅಣ್ಣಪ್ಪ ಎಂಬವ ಅಬ್ಬಿಯ ಮದ್ದು ಕುಡಿದು ಮೂರನೆಯ ದಿನ ಎಚ್ಚರ ತಪ್ಪಿದ. ದೊಡ್ಡ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಅಲ್ಲಿಂದ ಡಾಕ್ಟರು ಒಬ್ಬ ಆಳನ್ನು ಸೈಕಲ್ಲಿನಲ್ಲಿ ಕಳಿಸಿದರು, ಕೊಟ್ಟ ಸೊಪ್ಪು ಯಾವುದು, ಒಂದು ಎಲೆಯಾದರೂ ಕೊಡಿ ಎಂದು. ಅಬ್ಬಿ ಜಗಲಿಯಲ್ಲಿ ನಿಂತು, "ದೇವರ ಮದ್ದಿಗೆ ಹೆಸರಿಲ್ಲ" ಎಂದಳು. ಅವಳ ಬೆನ್ನ ಹಿಂದೆ ಹತ್ತು ವರ್ಷದ ಗುಲಾಬಿ, ಸೊಪ್ಪು ಕಿತ್ತು ಹಸಿರಾದ ಬೆರಳುಗಳನ್ನು ಲಂಗದಲ್ಲಿ ಅಡಗಿಸಿಕೊಂಡು ನಿಂತಿದ್ದಳು. ಮರುದಿನ ಅಣ್ಣಪ್ಪ ಸತ್ತ. "ಪಥ್ಯ ಮುರಿದಿರ್ಕ್" ಎಂದಳು ಅಬ್ಬಿ. ಅಷ್ಟು ಸಾಕಾಯಿತು. ಅಣ್ಣಪ್ಪನ ಹೆಂಡತಿ ಅಕ್ಕು ಅವನಿಗೆ ಮೀನು ಬಡಿಸಿ ಕೊಂದಳು ಎಂದು ಊರೆಲ್ಲ ಮಾತಾಯಿತು. ಬಡಿಸಿದ್ದು ಗಂಜಿ ಉಪ್ಪಿನಕಾಯಿ ಎಂದು ಅಕ್ಕು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಕೊನೆಗೆ ಅವಳೇ ನಂಬಿಬಿಟ್ಟಳು. ಗುಲಾಬಿ ಮದುವೆಯಾಗಿ ಊರು ಬಿಡುವಾಗಲೂ ಆ ಹೆಂಗಸು ಮೀನಿನ ಬುಟ್ಟಿ ಕಂಡರೆ ದಾರಿ ಬಿಟ್ಟು ಗದ್ದೆಗೆ ಇಳಿಯುತ್ತಿದ್ದಳು.

ಗುಲಾಬಿ ಮುಚ್ಚಳದಲ್ಲಿದ್ದುದನ್ನು ಫ್ಲಾಸ್ಕಿಗೆ ತಿರುಗಿ ಹೊಯ್ದಳು. ಎರಡು ಹನಿ ಬಿಳಿಯ ಹಾಸಿನ ಮೇಲೆ ಬಿದ್ದು ಕಂದಾಯಿತು.

"ಕೊಡುದಿಲ್ಯಾ?" ಎಂದ ವಾಸು.

"ಇಲ್ಲ."

ಎದ್ದಳು. ಪರದೆ ಸರಿಸಿದಳು. ಡಾಕ್ಟರು, ನರ್ಸು, ಬೃಂದಾ ಮೂವರೂ ತಿರುಗಿ ನೋಡಿದರು. ಅವಳು ಫ್ಲಾಸ್ಕನ್ನು ಡಾಕ್ಟರ ಕೈಗೆ ಇಟ್ಟಳು.

"ಬೃಂದಾ, ನಿನ್ನ ಮಾತ್ರೆ ಸರಿ ಇತ್ತ್ ಮಗಾ. ಇದನ್ನ ನಾನ್ ಕೊಟ್ಟದ್ದ್. ಹದಿನೆಂಟು ದಿನ."

ಬೃಂದಾಳ ಕಣ್ಣೀರು ಅರ್ಧದಲ್ಲೇ ನಿಂತಿತು. "ಎಂತ ಅದ್?"

"ಮದ್ದ್. ಫಂಗಮ್ಮ ಕೊಟ್ಟದ್ದ್."

"ಮೂರು ಸಲ ಕೇಳ್ರಲ್ಲಮ್ಮ! ನಾನೇ ಕೇಳ್ದೆ, ನಿನ್ನ ಎದುರು ನಿಂತ್ಕಂಡ್! ಅಪ್ಪಯ್ಯ ಹೋಗ್ಲಿ ಅಂದೇಳಿ ಇದ್ಯಾ ನೀನು?"

ಗುಲಾಬಿ ಫ್ಲಾಸ್ಕಿನ ಕಡೆಗೆ ಬೆರಳು ಮಾಡಿ, ತೆಗೆದು ನೋಡಿ ಎಂದು ಡಾಕ್ಟರಿಗೆ ಸನ್ನೆ ಮಾಡಿದಳು.

ಡಾಕ್ಟರು ಮುಚ್ಚಳ ತೆಗೆದು ಮೂಸಿದಳು. ಸಿಟ್ಟಾಗಲಿಲ್ಲ. ಏನೇನಿದೆ ಇದರಲ್ಲಿ ಎಂದು ಮಾತ್ರ ಕೇಳಿದಳು. ಅಲ್ಲಿಗೆ ಎಲ್ಲರೂ ಗೋಡೆಗೆ ಬಂದು ನಿಂತ ಹಾಗಾಯಿತು. ಹೆಸರು ಗುಲಾಬಿಗೂ ಗೊತ್ತಿರಲಿಲ್ಲ. ಕೇಳಬಾರದು ಎಂದು ಕೇಳಿರಲಿಲ್ಲ. ಬರೀ ನೀರು ನೋಡಿ ಹೇಳಲಾಗದು, ಪರೀಕ್ಷೆಗೆ ಕಳಿಸಿದರೆ ದಿನಗಟ್ಟಲೆ ಬೇಕು, ಬೇರು ಕಣ್ಣಿಗೆ ಕಾಣಬೇಕು ಎಂದಳು ಡಾಕ್ಟರು. ಕೆಲವು ಬೇರುಗಳು ಬರೀ ರಕ್ತ ತೆಳು ಮಾಡುತ್ತವೆ, ಕೆಲವು ಎದೆಯನ್ನೇ ನಿಲ್ಲಿಸುತ್ತವೆ. ಫಂಗಮ್ಮನ ಫೋನ್ ನಂಬರು ಬೃಂದಾಳ ಹತ್ತಿರವೂ ಇರಲಿಲ್ಲ.

"ಚರಟ ಇತ್ತ್" ಎಂದಳು ಗುಲಾಬಿ. "ಒಂದೂ ಬಿಸಾಕಲಿಲ್ಲ. ಅಂಗಳದ ಮರದ ಬುಡದಲ್ಲಿ ಇಟ್ಟಿದೆ. ನಾ ಹೋಯಿ ತತ್ತೆ."

"ನೀನು ಒಬ್ಬಳೇ?"

"ಜಾಗ ನಂಗೇ ಗೊತ್ತಿಪ್ಪುದ್. ನೀ ಅಪ್ಪಯ್ಯನ ಹತ್ರ ಕೂತ್ಕೊ. ಸಹಿ ಗಿಹಿ ಹಾಕೂಕೆ ನೀ ಬೇಕಾತ್ತ್."

ಬೃಂದಾ ಕ್ಯಾಬ್ ತರಿಸಿದಳು. ಬಾಗಿಲು ಹಾಕುವಾಗಲೂ ತಾಯಿಯ ಮುಖ ನೋಡಲಿಲ್ಲ.

ದಾರಿಯಲ್ಲಿ ಮೂರು ಕಡೆ ಕೆಂಪು ದೀಪ. ಒಂದು ಕಡೆ ರಸ್ತೆ ಅಗೆದಿದ್ದರು. ಗುಲಾಬಿ ಮುಂದಿನ ಸೀಟಿನ ಬೆನ್ನು ಹಿಡಿದು ಕೂತಿದ್ದಳು. ಡ್ರೈವರು ಕನ್ನಡಿಯಲ್ಲಿ ನೋಡಿ ಎರಡು ಸಲ "ಓಕೆ?" ಎಂದ. ಅವಳು ಎರಡು ಸಲವೂ "ಫಾಸ್ಟ್" ಎಂದಳು.

ಐದನೆಯ ಮಹಡಿಗೆ ಹೋಗಿ ಫಂಗಮ್ಮನ ಬಾಗಿಲು ತಟ್ಟಿದಳು. ಬೆಲ್ಲು ಒತ್ತಿದಳು. ಅಂಗೈಯಿಂದ ಬಡಿದಳು. ಯಾರೂ ಇಲ್ಲ. ಪುನಃ ಲಿಫ್ಟು. ನೆಲದ ಮಹಡಿಗೆ ಇಳಿದು ಅಂಗಳದ ಗಾಜಿನ ಬಾಗಿಲು ನೂಕಿದಾಗ ದೊಡ್ಡ ಮೋಟಾರಿನ ಸದ್ದು ಕಿವಿಗೆ ಬಿತ್ತು.

ಗುರುವಾರ. ಗುರುವಾರ ತೋಟದ ಕೆಲಸದವನು ಬರುತ್ತಾನೆ ಎಂಬುದನ್ನು ಮರೆತಿದ್ದಳು.

ಬೆನ್ನಿಗೆ ಗಾಳಿ ಊದುವ ಯಂತ್ರ ಕಟ್ಟಿಕೊಂಡು ಅವನು ನಾಲ್ಕನೆಯ ತೊಟ್ಟಿಯ ಹತ್ತಿರ ನಿಂತಿದ್ದ. ಮೂರನೆಯ ತೊಟ್ಟಿ ನುಣ್ಣಗೆ ಗುಡಿಸಿ ಬಿಟ್ಟ ಹಾಗಿತ್ತು. ಬಿಳಿ ತೊಗಟೆಯ ಮರದ ಬುಡದಲ್ಲಿ ಕರಿಯ ಮಣ್ಣು ಬಿಟ್ಟರೆ ಒಂದು ಎಲೆ ಇಲ್ಲ. ಪಕ್ಕದಲ್ಲಿ ಸೊಂಟದೆತ್ತರದ ಹಸಿರು ಗೋಣಿ, ಬಾಯಿ ತುಂಬ ಹಳದಿ ಎಲೆ.

ಗುಲಾಬಿ ಗೋಣಿಯನ್ನು ಅಪ್ಪಿ ಹಿಡಿದು ದಾರಿಯ ಮೇಲೆ ಮಗುಚಿ ಹಾಕಿದಳು.

"ಹೇ! ಹೇ!" ಎಂದು ಅವನು ಯಂತ್ರ ನಿಲ್ಲಿಸಿ ಓಡಿ ಬಂದ. ಏನೇನೋ ಕೂಗಿದ. ಅವಳು ಮೊಣಕಾಲೂರಿ ಕೂತು ಎಲೆ ಕೆದಕತೊಡಗಿದಳು. ಬೆಳಗಿನ ಮಂಜಿಗೆ ಎಲ್ಲ ಒದ್ದೆ, ಎಲ್ಲ ಒಂದೇ ಬಣ್ಣ. ಬೇರು ಎಂದು ಎತ್ತಿದರೆ ಕಡ್ಡಿ, ಗಡ್ಡೆ ಎಂದು ಎತ್ತಿದರೆ ತೊಗಟೆ. "ಮೆಡಿಸಿನ್, ಮೈ ಹಸ್ಬೆಂಡ್, ಮೆಡಿಸಿನ್" ಎಂದು ಅವನ ಕಡೆ ನೋಡದೆ ಹೇಳುತ್ತಲೇ ಇದ್ದಳು. ಅವನು ಸೊಂಟಕ್ಕೆ ಕೈಯಿಟ್ಟು ಸುಮ್ಮನೆ ನಿಂತ.

ಆಗ ಎರಡು ಚಕ್ರದ ಸಾಮಾನಿನ ಗಾಡಿ ಎಳೆಯುವ ಕಿರಕಿರ ಸದ್ದು ಕೇಳಿತು. ಪಕ್ಕಕ್ಕೆ ಬಂದು ನಿಂತಿತು. ಗಾಡಿಯಲ್ಲಿ ಈರುಳ್ಳಿ ದಂಟು ಹೊರಗೆ ಇಣುಕುತ್ತಿತ್ತು.

"ಗುಲಬಿ?"

ಫಂಗಮ್ಮ.

ಗುಲಾಬಿ ಮೂಗು ತೋರಿಸಿದಳು. "ವಾಸು. ಬ್ಲಡ್. ಹಾಸ್ಪಿಟಲ್." ಚೀಲದಿಂದ ಹಳದಿ ಪುಸ್ತಕ ತೆಗೆದು ಅವಳ ಮುಂದೆ ಚಾಚಿದಳು. ಆ ಪುಸ್ತಕವನ್ನು ಹದಿನೆಂಟು ದಿನ ಅಡುಗೆ ಮನೆಯ ಡ್ರಾಯರಿನಲ್ಲಿ, ಫಂಗಮ್ಮನ ಕಣ್ಣಿಗೆ ಬೀಳದ ಹಾಗೆ ಇಟ್ಟಿದ್ದಳು.

ಫಂಗಮ್ಮ ಪುಸ್ತಕ ನೋಡಿದಳು. ಅದು ಏನೆಂದು ಅವಳಿಗೆ ಗೊತ್ತಿತ್ತು. ಮುಖದ ಬಣ್ಣ ಇಳಿದು ಹೋಯಿತು. "ಐಯಾ" ಎಂದು ತನ್ನ ತೊಡೆಗೆ ತಾನೇ ಹೊಡೆದುಕೊಂಡಳು. ಜೇಬಿನಿಂದ ಅದೇ ಮಾತ್ರೆಯ ಪಟ್ಟಿ ತೆಗೆದು ಗುಲಾಬಿಯ ಮೂಗಿನ ಮುಂದೆ ಅಲ್ಲಾಡಿಸಿ, ತನ್ನ ಭಾಷೆಯಲ್ಲಿ ಉದ್ದಕ್ಕೆ ಏನೋ ಬೈದಳು. ಒಂದು ಶಬ್ದವೂ ತಿಳಿಯಲಿಲ್ಲ. ಎಲ್ಲ ಅರ್ಥವಾಯಿತು.

"ಹೌದ್" ಎಂದಳು ಗುಲಾಬಿ. "ನಾನು ಸುಳ್ಳು ಹೇಳ್ದೆ."

ಬೈಗುಳ ಮುಗಿಸಿ ಫಂಗಮ್ಮ ತಾನೂ ಮೊಣಕಾಲೂರಿದಳು. ಅವಳ ಕಣ್ಣು ಪಳಗಿದ ಕಣ್ಣು. ಎಲೆಯ ರಾಶಿಯಿಂದ ಬೇರಿನ ತುಂಡು, ಗಡ್ಡೆಯ ಬಿಲ್ಲೆ, ಒಡೆದ ಕೆಂಪು ಹಣ್ಣು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಎದ್ದು ಬಂದವು. ತೋಟದವನು ತನ್ನ ಊಟದ ಡಬ್ಬಿಯ ಮುಚ್ಚಳ ತಂದು ಮುಂದಿಟ್ಟ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಚರಟದ ಮೇಲೆ ಕಾಲಿಟ್ಟು ದಾಟಿ ಹೋದರು. ಗುಲಾಬಿ ನೋಡಿದಳು, ಮತ್ತೆ ಎಲೆ ಕೆದಕಿದಳು.

ಕ್ಯಾಬಿನಲ್ಲಿ ಇಬ್ಬರು ಮುದುಕಿಯರ ನಡುವೆ ಆ ಮುಚ್ಚಳ, ಕಾಲ ಬುಡದಲ್ಲಿ ಈರುಳ್ಳಿ ದಂಟಿನ ಗಾಡಿ. ಫಂಗಮ್ಮ ಒಂದು ಅಂಗಡಿಯ ಚೀಟಿಯ ಬೆನ್ನಿಗೆ ತನ್ನ ಲಿಪಿಯಲ್ಲಿ ಮೂರು ಸಾಲು ಬರೆದಳು. ಎರಡು ಸಲ ಬರೆದದ್ದನ್ನು ಹೊಡೆದು ಹಾಕಿ ಮತ್ತೆ ಬರೆದಳು. ಮಗ ಸೊಸೆ ಅಕ್ಕಪಕ್ಕದವರಿಗೆ ಮದ್ದು ಕೊಡಬೇಡ ಎಂದು ಅವಳಿಗೆ ಎಷ್ಟು ಸಲ ಹೇಳಿದ್ದರೋ. ಈಗ ಪೊಲೀಸರು ಬರುತ್ತಾರೋ ಎಂಬ ಭಯವೋ ಏನೋ. ಆದರೂ ಆಸ್ಪತ್ರೆಯ ಬಾಗಿಲಲ್ಲಿ ಗುಲಾಬಿಗಿಂತ ಮುಂಚೆ ಇಳಿದವಳು ಅವಳೇ.

ವಾಸುವಿನ ಮಂಚ ಖಾಲಿಯಾಗಿತ್ತು.

ಹಾಸಿನ ಮೇಲೆ ಆ ಎರಡು ಕಂದು ಹನಿ ಹಾಗೆಯೇ ಇದ್ದವು. ಯಾರನ್ನು ಕೇಳುವುದು, ಏನೆಂದು ಕೇಳುವುದು? ಪಕ್ಕದ ಮಂಚದವನು ಏನೋ ಹೇಳುತ್ತಿದ್ದ, ಅದೂ ತಲೆಗೆ ಹೋಗಲಿಲ್ಲ.

"ಅಮ್ಮ!" ಬೃಂದಾ ಕಾರಿಡಾರಿನ ತುದಿಯಲ್ಲಿ ಕೈ ಎತ್ತಿದಳು. "ಇಲ್ಲಿ ಬಾ. ಎದೆ ಬಡಿತ ತಪ್ತಾ ಇತ್ತ್ ಅಂದೇಳಿ ಈ ವಾರ್ಡಿಗೆ ತಂದ್ರ್. ಸಿಕ್ತಾ?"

ಔಷಧಿ ವಿಭಾಗದಿಂದ ಒಬ್ಬಳು ಎತ್ತರದ ಹೆಂಗಸು ಬಂದು ಡಬ್ಬಿಯ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಪಕ್ಕದ ವಾರ್ಡಿನಿಂದ ಫಂಗಮ್ಮನ ಭಾಷೆ ಬಲ್ಲ ನರ್ಸನ್ನು ಕರೆಸಿದರು. ಫಂಗಮ್ಮ ಚೀಟಿ ಕೊಟ್ಟಳು. ಒಂದೊಂದೇ ತುಂಡು ಎತ್ತಿ ತೋರಿಸಿ ಒಂದೊಂದೇ ಹೆಸರು ಹೇಳಿದಳು. ನರ್ಸು ಹೇಳಿದಳು, ಔಷಧಿಯವಳು ಬರೆದುಕೊಂಡಳು. ಕೆಂಪು ಬೇರು ಡಾನ್‌ಶೆನ್. ಬಿಳಿಯ ಗಡ್ಡೆ ಡಾಂಗ್ ಕ್ವಾಯ್. ಹಣ್ಣು ಗೋಜಿ. ಇನ್ನೇನಾದರೂ? ಇಲ್ಲ. ಖಂಡಿತವಾಗಿ? ಫಂಗಮ್ಮ ಎದೆಯ ಮೇಲೆ ಕೈಯಿಟ್ಟಳು.

ಹೆಸರುಗಳು ಆಸ್ಪತ್ರೆಯ ಆ ಕಿಟಕಿಯ ಹತ್ತಿರ ಎಲ್ಲರ ಬಾಯಲ್ಲೂ ಓಡಾಡಿದವು. ಗುಲಾಬಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೇಳಿದಳು.

ಡಾಕ್ಟರ ಹೆಗಲು ಸ್ವಲ್ಪ ಇಳಿಯಿತು. ಬೃಂದಾ ಹೇಳಿದಳು: "ಎದೆ ನಿಲ್ಸುವಂತದ್ದ್ ಇಲ್ಯಂಬ್ರ್. ಆದ್ರೆ ಆ ಕೆಂಪು ಬೇರು ಅಪ್ಪಯ್ಯನ ಮಾತ್ರೆ ಜೊತೆ 'ಸೇರೂಕಾಗ' ಅಂದೇಳಿ ಇವರ ಪುಸ್ತಕದಲ್ಲೇ ಬರೆದಿತ್ತಂಬ್ರ್. ಬಾಕಿ ಎರಡೂ ಒಳ್ಳೇದಲ್ಲ. ಲಿವರ್ ಅಲ್ಲ ಅಂದೇಳಿ ಕಾಣತ್ತ್ ಅಂದ್ರ್. ರಕ್ತ ಗಟ್ಟಿಯಾದ ಕೂಡ್ಲೇ ಹೊಟ್ಟೆಗೆ ಕ್ಯಾಮೆರಾ ಹಾಕಿ ಕಾಂತ್ರ್."

"ಬದ್ಕ್‌ತ್ರಾ?"

"ಈಗಳೇ ಹೇಳೂಕಾಗ ಅಂದ್ರ್." ಬೃಂದಾ ಮೊದಲ ಸಲ ತಾಯಿಯ ಮುಖ ನೋಡಿದಳು. "ದಾರಿ ಗೊತ್ತಾಯ್ತ್ ಅಂದ್ರ್."

ಮಧ್ಯಾಹ್ನ ಎರಡು ಗಂಟೆಗೆ ನಂಬರು ನಾಲ್ಕಕ್ಕೆ ಇಳಿಯಿತು. ಮೂರೂವರೆ ಗಂಟೆಗೆ ಎರಡೂವರೆ. ಕ್ಯಾಮೆರಾ ಇಳಿಸಿ ಹೊಟ್ಟೆಯೊಳಗಿನ ಸಣ್ಣ ಹುಣ್ಣೊಂದಕ್ಕೆ ಅಲ್ಲೇ ಕ್ಲಿಪ್ಪು ಹಾಕಿದರು. ಅಷ್ಟು ಹೊತ್ತೂ ಫಂಗಮ್ಮ ಬೆಂಚಿನಿಂದ ಏಳಲಿಲ್ಲ. ಹೊರಡುವ ಮುಂಚೆ ತನ್ನ ಭಾಷೆಯ ನರ್ಸಿನ ಹತ್ತಿರ ಏನೋ ಹೇಳಿಸಿದಳು. ನರ್ಸು ಬೃಂದಾಳಿಗೆ, ಬೃಂದಾ ಗುಲಾಬಿಗೆ.

"ಒಂದ್ಸಲ ಕೇಳಿ ಬಿಟ್ಟದ್ದ್ ನನ್ನ ತಪ್ಪು, ಇನ್ನೊಂದ್ಸಲ ಕೇಳ್ಬೇಕಿತ್ತ್ ಅಂತ್ರ್."

"ಇನ್ನೊಂದ್ಸಲ ಕೇಳಿದ್ರೂ ಇಲ್ಲ ಅಂತಿದ್ದೆ ಅಂದೇಳ್" ಎಂದಳು ಗುಲಾಬಿ.

ಆ ಮಾತು ಎರಡು ಬಾಯಿ ದಾಟಿ ತಲುಪಿದಾಗ ಫಂಗಮ್ಮ ಗುಲಾಬಿಯ ಮಣಿಕಟ್ಟು ಹಿಡಿದಳು. ನಾಡಿ ನೋಡಲಿಕ್ಕಲ್ಲ. ಸುಮ್ಮನೆ ಹಿಡಿದು, ಬಿಟ್ಟು, ಗಾಡಿ ಎಳೆದುಕೊಂಡು ಹೋದಳು.

ಸಂಜೆ ವಾಸು ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಚಾ ಎಲ್ಲಿ ಹೋಯ್ತ್?"

"ಡಾಕ್ಟರ ಹತ್ರ ಇತ್ತ್" ಎಂದಳು ಬೃಂದಾ. "ಅದು ಚಾ ಅಲ್ಲ ಅಪ್ಪಯ್ಯ. ಮದ್ದು."

"ಗೊತ್ತಿತ್ತ್."

ಗುಲಾಬಿ ತಲೆ ಎತ್ತಿದಳು.

"ಇಪ್ಪತ್ತಾರು ವರ್ಷ ಅಡುಗೆ ಮನೆಯಲ್ಲಿ ಬೆಂದವ ನಾನು. ಚಾಕ್ಕೂ ಬೇರಿಗೂ ರುಚಿ ತಿಳಿಯೂದಿಲ್ಯಾ? ಎರಡನೇ ದಿನವೇ ಗೊತ್ತಾಯ್ತ್."

"ಮತ್ತೆ ಎಂತಕ್ ಕೇಳ್ಲಿಲ್ಲ ಮರ್ರೆ ನೀವು!"

"ಕೇಳ್ರೆ ಮದ್ದು ಹಿಡಿಯೂದಿಲ್ಲ ಅಂದೇಳಿ ನೀನೇ ಹೇಳ್ತಾ ಇದ್ದದ್ದಲ್ದಾ, ಮದ್ವೆ ಆದಲ್ಲಿಂದ." ವಾಸು ಕಣ್ಣು ಮುಚ್ಚಿದ. "ಕ್ಲಿನಿಕ್ಕಲ್ಲಿ ನನ್ನತ್ರವೂ ಕೇಳಿದ್ರ್. ನಾನೂ ಇಲ್ಲ ಅಂದೆ."

ಬೃಂದಾ ಇಬ್ಬರನ್ನೂ ಒಮ್ಮೆ ನೋಡಿದಳು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಎಂದು ಅವಳಿಗೆ ತಿಳಿಯಲಿಲ್ಲ. ಕುರ್ಚಿ ಎಳೆದು ತಾಯಿಯ ಪಕ್ಕ ಕೂತಳು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಮಂಚದ ಪಕ್ಕದ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು.

"ಅಮ್ಮಮ್ಮ ಕೊಡ್ತಿದ್ದ ಮದ್ದು ಯಾವ ಸೊಪ್ಪಮ್ಮ?" ಎಂದಳು ಬೃಂದಾ ಕೊನೆಗೆ.

ಅರವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಗುಲಾಬಿಗೆ ಎಷ್ಟೋ ಜನ ಕೇಳಿದ್ದರು. ಅವಳು ಎಡಗೈಯ ಬೆರಳುಗಳನ್ನು ಬಲಗೈಯಿಂದ ಉಜ್ಜಿದಳು, ಅಲ್ಲಿ ಇನ್ನೂ ಹಸಿರು ಇದೆಯೋ ಎಂಬ ಹಾಗೆ.

"ನೆಲನೆಲ್ಲಿ" ಎಂದಳು.

ಹೇಳಿ, ಏನೋ ಆಗುತ್ತದೆ ಎಂದು ಕಾದಳು. ಏನೂ ಆಗಲಿಲ್ಲ. ಯಂತ್ರ ಟಿಕ್ ಟಿಕ್ ಎನ್ನುತ್ತಲೇ ಇತ್ತು.

"ಅಷ್ಟೆಯಾ? ಅದು ಊರಲ್ಲಿ ಎಲ್ಲರ ಅಂಗಳದಲ್ಲೂ ಇಪ್ಪುದಲ್ದಾ?"

"ಹೌದ್ ಮಗಾ" ಎಂದಳು ಗುಲಾಬಿ. "ಆ ಅಣ್ಣಪ್ಪನ ಹೆಂಡ್ತಿ ಅಕ್ಕುವಿನ ಅಂಗಳದಲ್ಲೂ ಇದ್ದಿತ್ತ್. ಅವ್ಳ್ ನಿತ್ಯ ಅದನ್ನ ತುಳ್ಕಂಡೇ ಹೋಪ್ದ್."